ಬೆಟ್ಟ ಹತ್ತಿ, ಹುಟ್ಟು ಹಾಕಿದ ಒಂದು ವರ್ಷ

ಹೋದ ಭಾನುವಾರ ರಾತ್ರಿ ಹನ್ನೊಂದು ಗಂಟೆಗೆ ಹಾಸನಕ್ಕೆ ವಾಪಸ್ ಬಂದೆವು. ನನ್ನ ಶೂ ಇನ್ನೂ ಹಿತ್ತಲ ಕಲ್ಲಿನ ಮೇಲೆ ಒಣಗುತ್ತಿದೆ. ಎರಡು ಸಲ ತೊಳೆದರೂ ಕುದುರೆಮುಖದ ಮಣ್ಣು ಹೊಲಿಗೆಯ ಸಂದಿಯಿಂದ ಹೋಗಿಲ್ಲ. ಅಲ್ಲಿಗೆ ನಮ್ಮ ವರ್ಷ ಮುಗಿಯಿತು. 2024ರ ಅಕ್ಟೋಬರ್‌ನಿಂದ 2025ರ ಅಕ್ಟೋಬರ್‌ವರೆಗೆ ಐದು ಜನ ಸೇರಿ ಆರು ಸಲ ಹೊರಟೆವು. ಮೂರು ಸಲ ಬೆಟ್ಟದ ಚಾರಣ, ಮೂರು ಸಲ ನೀರಿನಲ್ಲಿ ದೋಣಿ. ಇನ್ನೊಂದು ಸಲ ದುಡ್ಡು ಕಟ್ಟಿಯೂ ಹೋಗಲಿಲ್ಲ.

ಇದನ್ನು ಬರೆಯುತ್ತಿರುವುದಕ್ಕೆ ಕಾರಣ ಇದೆ. ಶುರು ಮಾಡುವ ಮುಂಚೆ ನಮಗೆ ಗೊತ್ತಿಲ್ಲದಿದ್ದದ್ದು ತುಂಬಾ ಇತ್ತು. ಯಾವ ಗುರುತಿನ ಚೀಟಿ ಬೇಕು, ಯಾವಾಗ ಕಾಡು ಮುಚ್ಚಿರುತ್ತೆ, ಹಿನ್ನೀರಿನಲ್ಲಿ ಎಷ್ಟು ಹೊತ್ತಿಗೆ ಇಳಿಯಬೇಕು, ಯಾರನ್ನೂ ಕೇಳಿರಲಿಲ್ಲ. ಒಂದೊಂದನ್ನೂ ಕಷ್ಟಪಟ್ಟೇ ಕಲಿತೆವು.

ಮೊದಲು ನಮ್ಮ ಗುಂಪು. ನಾನು ಬ್ಯಾಂಕಿನ ಕ್ಲರ್ಕ್, ವಯಸ್ಸು 38. ಹೈಸ್ಕೂಲಿನ ಮೇಷ್ಟ್ರು ಒಬ್ಬರು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಕ್ಕ, 52 ವರ್ಷ. ನಮ್ಮ ಬೀದಿಯ ಗ್ಯಾರೇಜಿನ ಹುಡುಗ, ಎಲ್ಲರಿಗೂ ಅವನು ‘ತಮ್ಮ’. ಐದನೆಯವನು ನನ್ನ ಕ್ಲಾಸ್‌ಮೇಟ್, ಬೆಂಗಳೂರಿನಲ್ಲಿ ಕೆಲಸ, ಕಾರು ಅವನದೇ. ಅವನೊಬ್ಬನನ್ನು ಬಿಟ್ಟರೆ ಎಲ್ಲರೂ ಬೆಳಿಗ್ಗೆ ವಾಕಿಂಗ್‌ನಲ್ಲಿ ಪರಿಚಯವಾದವರು, ಅಷ್ಟೇ. ಯಾರೂ ಅಂಥ ಗಟ್ಟಿಗರಲ್ಲ. ಇಬ್ಬರಿಗೆ ಈಜು ಬರುತ್ತಿರಲಿಲ್ಲ.

ಅಕ್ಟೋಬರ್‌ನಲ್ಲಿ ಮುಳ್ಳಯ್ಯನಗಿರಿ. 1930 ಮೀಟರ್, ಕರ್ನಾಟಕದಲ್ಲೇ ಎತ್ತರದ ಬೆಟ್ಟ. ತುದಿಯ ಹತ್ತಿರದವರೆಗೂ ರಸ್ತೆ ಇದೆ, ಆದರೆ ನಾವು ಸರ್ಪದಾರಿ ಹಿಡಿದು ಕಾಲ್ನಡಿಗೆಯಲ್ಲೇ ಹತ್ತಿದೆವು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅರ್ಧ ದಿನದ ಕೆಲಸ. ಮೊದಲ ಸಲದವರು ಇಲ್ಲಿಂದಲೇ ಶುರು ಮಾಡಿ. ಮಂಡಿ ಹೇಗಿದೆ, ಶೂ ಎಲ್ಲಿ ಕಚ್ಚುತ್ತೆ, ಗುಂಪಿನಲ್ಲಿ ಯಾರು ಮುಂದೆ ಓಡುತ್ತಾರೆ, ಯಾರು ಹಿಂದೆ ಉಳಿಯುತ್ತಾರೆ, ಎಲ್ಲ ಇಲ್ಲೇ ಗೊತ್ತಾಗುತ್ತೆ. ನಮ್ಮಲ್ಲಿ ಓಡಿದವನು ತಮ್ಮ, ಉಳಿದವರು ಅಕ್ಕ. ನಾವು ಆಗ ಅದನ್ನು ಗಮನಿಸಿದೆವು, ಆದರೆ ಅದಕ್ಕೆ ಏನೂ ಮಾಡಲಿಲ್ಲ. ಅದರ ಫಲ ಮುಂದೆ ಉಂಡೆವು.

ನವೆಂಬರ್‌ನಲ್ಲಿ ಕುಮಾರ ಪರ್ವತ. ಇಲ್ಲಿಂದ ಕಾಗದಪತ್ರದ ಕಥೆ ಶುರು.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ್ದರು. ಆ ಫೋಟೊ ನೀವೂ ನೋಡಿರಬಹುದು, ಬೆಟ್ಟದ ಮೇಲೆ ಜಾತ್ರೆಯ ಹಾಗೆ ಸಾಲು. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣವನ್ನು ನಿಲ್ಲಿಸಿತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ವೆಬ್‌ಸೈಟ್‌ನಲ್ಲಿ ಮೊದಲೇ ಟಿಕೆಟ್ ತೆಗೆದುಕೊಳ್ಳಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, 300. ಶನಿವಾರ, ಭಾನುವಾರದ ಟಿಕೆಟ್ ಬೇಗ ಖಾಲಿಯಾಗುತ್ತೆ. ನಾವು ಎರಡು ವಾರ ಭಾನುವಾರಕ್ಕೆ ನೋಡಿ ನೋಡಿ, ಕೊನೆಗೆ ಮೇಷ್ಟ್ರಿಗೆ ಒಂದು ರಜೆ ಹಾಕಿಸಿ ಗುರುವಾರಕ್ಕೆ ತೆಗೆದೆವು. ಆಗುವುದಾದರೆ ನೀವೂ ವಾರದ ನಡುವೆಯೇ ಹೋಗಿ. ದಾರಿಯಲ್ಲಿ ಜನವೂ ಕಡಿಮೆ, ಉಳಿಯುವ ಜಾಗವೂ ಸುಲಭವಾಗಿ ಸಿಗುತ್ತೆ.

ಬುಕ್ ಮಾಡಿದವನು ನಾನು. ರಾತ್ರಿ ಊಟ ಆದ ಮೇಲೆ ಮೊಬೈಲ್‌ನಲ್ಲಿ ಕೂತು ಐದು ಜನರ ಹೆಸರು, ವಯಸ್ಸು, ಗುರುತಿನ ಚೀಟಿ ನಂಬರ್ ಎಲ್ಲ ಹಾಕಿದೆ. ಅಕ್ಕನ ಆಧಾರ್ ಫೋಟೊ ನನ್ನ ಹತ್ತಿರ ಇರಲಿಲ್ಲ. ಹಳೆಯ ಮೆಸೇಜಿನಲ್ಲಿ ಅವರ ವೋಟರ್ ಐಡಿ ಸಿಕ್ಕಿತು, ಅದನ್ನೇ ಹಾಕಿದೆ. ಅವರಿಗೆ ಹೇಳಲು ಮರೆತೆ.

ನಾವು ಆರಿಸಿಕೊಂಡದ್ದು ಸೋಮವಾರಪೇಟೆ ಕಡೆಯ ಬೀದಳ್ಳಿ ದಾರಿ. ಕುಕ್ಕೆ ಕಡೆಯಿಂದ ದಾರಿ ಉದ್ದ, ಏರೂ ಜಾಸ್ತಿ. ಬೆಳಗಿನ ಜಾವ ಎರಡೂವರೆಗೆ ಹಾಸನ ಬಿಟ್ಟು, ಶನಿವಾರಸಂತೆ ಮೇಲೆ ಹೋಗಿ, ಬೆಳಕು ಹರಿಯುವ ಹೊತ್ತಿಗೆ ಚೆಕ್‌ಪೋಸ್ಟ್ ಮುಂದೆ ನಿಂತಿದ್ದೆವು. ಸಿಬ್ಬಂದಿ ಒಬ್ಬೊಬ್ಬರ ಚೀಟಿ ನೋಡಿ ಪಟ್ಟಿಗೆ ಗುರುತು ಹಾಕುತ್ತಾ ಬಂದರು. ಅಕ್ಕನ ಸರದಿ ಬಂದಾಗ ಪೆನ್ನು ನಿಂತಿತು.

“ಇಲ್ಲಿರೋದು ವೋಟರ್ ಐಡಿ. ನೀವು ತಂದಿರೋದು ಆಧಾರ್. ನಂಬರ್ ಹೊಂದಬೇಕಲ್ಲಾ ಮೇಡಂ?”

ನನ್ನ ಎದೆ ಧಸಕ್ ಅಂದಿತು. ಅಲ್ಲಿ ಫೋನ್ ಸಿಗ್ನಲ್ ಬರುತ್ತದೆ, ಹೋಗುತ್ತದೆ. ತಮ್ಮ ಹಿಂದಕ್ಕೆ ರಸ್ತೆಯಲ್ಲಿ ಓಡಿ, ಸಿಗ್ನಲ್ ಸಿಗುವ ತಿರುವಿನಲ್ಲಿ ನಿಂತು, ಅಕ್ಕನ ಮಗಳನ್ನು ಎಬ್ಬಿಸಿ, ವೋಟರ್ ಐಡಿಯ ಫೋಟೊ ತರಿಸಿಕೊಂಡ. ಒಂದೂಕಾಲು ಗಂಟೆ ಹೋಯಿತು. ಅಷ್ಟು ಹೊತ್ತೂ ಅಕ್ಕ ಒಂದು ಮಾತು ಆಡಲಿಲ್ಲ. ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡು ಕಲ್ಲಿನ ಮೇಲೆ ಕೂತಿದ್ದರು. “ನೀವೆಲ್ಲ ಹೋಗ್ಬನ್ನಿ, ನಾನು ಕಾರಲ್ಲಿ ಮಲಗಿರ್ತೀನಿ” ಅಂದಾಗ ನನಗೆ ಕಣ್ಣಲ್ಲಿ ನೀರೇ ಬಂತು. ರಾತ್ರಿ ಡ್ಯೂಟಿ ಬದಲಿಸಿಕೊಂಡು ಬಂದಿದ್ದರು ಅವರು.

ಆದ್ದರಿಂದ ದಯವಿಟ್ಟು ಇಷ್ಟು ಮಾಡಿ. ಬುಕ್ ಮಾಡುವಾಗ ಹಾಕಿದ ಅದೇ ಚೀಟಿಯ ಒರಿಜಿನಲ್ ಎಲ್ಲರ ಕೈಯಲ್ಲೂ ಇರಲಿ. ಟಿಕೆಟ್‌ನ ಪ್ರಿಂಟ್ ಎರಡು ಪ್ರತಿ ಇಬ್ಬರ ಬ್ಯಾಗಿನಲ್ಲಿರಲಿ, ಕಾಡಿನ ಬಾಗಿಲಲ್ಲಿ ನಿಂತು ಮೊಬೈಲ್ ನಂಬಬೇಡಿ. ಹಿಂದಿನ ರಾತ್ರಿ ಐದು ಜನರನ್ನೂ ಕೂರಿಸಿ ಚೀಟಿ ಮತ್ತು ಟಿಕೆಟ್ ಪಕ್ಕಪಕ್ಕ ಇಟ್ಟು ನೋಡಿ. ಐದು ನಿಮಿಷದ ಕೆಲಸ.

ಬೆಟ್ಟ ಚೆನ್ನಾಗಿತ್ತು. ಮೊದಲ ಅರ್ಧ ದಟ್ಟ ಕಾಡು, ಬಿಸಿಲೇ ಬೀಳದ ದಾರಿ. ತುದಿ ಸಿಗುವ ಮುಂಚೆ ನುಣುಪಾದ ಬಂಡೆ. ಒಣಗಿದ್ದಾಗಲೂ ಅಲ್ಲಿ ಹುಷಾರಾಗಿರಬೇಕು, ಒದ್ದೆ ಇದ್ದರೆ ಕೈಕಾಲು ನಾಲ್ಕನ್ನೂ ಊರಿ ಹತ್ತಬೇಕು. 1712 ಮೀಟರ್ ಎತ್ತರದಲ್ಲಿ ನಿಂತು ಅಕ್ಕ ಕಟ್ಟಿ ತಂದಿದ್ದ ಚಿತ್ರಾನ್ನ ತಿಂದೆವು. ಹತ್ತುವಾಗ ತಮ್ಮ ಯಾವಾಗಲೋ ಮುಂದೆ ಹೋಗಿಬಿಟ್ಟಿದ್ದ. ನಾವು ತಲುಪುವ ಮುಂಚೆ ನಲವತ್ತು ನಿಮಿಷ ಒಬ್ಬನೇ ಕೂತಿದ್ದನಂತೆ. ಮೇಷ್ಟ್ರು ಅವನಿಗೆ ಬೈಯಲಿಲ್ಲ. “ನಾಳೆ ನಿನಗೆ ಕಾಲು ಉಳುಕಿದ್ರೆ ಯಾರು ನೋಡ್ತಿದ್ರು ಮಾರಾಯ?” ಅಂತ ಒಂದು ಮಾತು ಕೇಳಿದರು. ಇಳಿಯುವಾಗ ಅವನು ಅಕ್ಕನ ಹಿಂದೆಯೇ ಬಂದ.

ಜನವರಿಯಲ್ಲಿ ನೀರಿಗೆ ಇಳಿದೆವು. ಉಡುಪಿಯಿಂದ ಕುಂದಾಪುರದ ಕಡೆ ಹೋದರೆ ಸಾಲಿಗ್ರಾಮ, ಅಲ್ಲಿಂದ ಒಳಗೆ ಪಾರಂಪಳ್ಳಿ. ಹಿನ್ನೀರಿನ ಎರಡೂ ಕಡೆ ಕಾಂಡ್ಲಾ ಗಿಡಗಳು (ಉಪ್ಪುನೀರಿನಲ್ಲೇ ಬೆಳೆಯುವ ಮ್ಯಾಂಗ್ರೋವ್), ನಡುವೆ ಕಯಾಕ್ ಹೋಗುವಷ್ಟೇ ಅಗಲದ ಓಣಿಗಳು. ಕಯಾಕ್ ಅಂದರೆ ಉದ್ದನೆಯ ಕಿರಿದಾದ ದೋಣಿ, ಒಬ್ಬರೋ ಇಬ್ಬರೋ ಕೂತು ಎರಡೂ ತುದಿಗೆ ಅಲಗಿರುವ ಹುಟ್ಟು ಹಾಕುವುದು.

ಈಜು ಬಾರದ ಇಬ್ಬರು ನಾನು ಮತ್ತು ಮೇಷ್ಟ್ರು. ನಮ್ಮ ಜೊತೆ ಬಂದ ಅಲ್ಲಿನ ಹುಡುಗ ಮೊದಲು ಮಾಡಿದ ಕೆಲಸ, ಲೈಫ್ ಜಾಕೆಟ್‌ನ ಹೆಗಲು ಹಿಡಿದು ಮೇಲಕ್ಕೆ ಎಳೆದದ್ದು. ನನ್ನದು ಕಿವಿವರೆಗೆ ಬಂತು. “ಹೀಗಿದ್ರೆ ನೀರಲ್ಲಿ ಜಾಕೆಟ್ ತೇಲ್ತದೆ, ನೀವು ಒಳಗೆ ಹೋಗ್ತೀರಿ” ಅಂದ. ಪಟ್ಟಿಗಳನ್ನೆಲ್ಲ ಬಿಗಿ ಮಾಡಿದ. ಆಮೇಲೆ ಸೊಂಟದ ಮಟ್ಟದ ನೀರಿನಲ್ಲಿ ಬೇಕಂತಲೇ ಕಯಾಕ್ ಮಗುಚಿಸಿ, ಮತ್ತೆ ಹತ್ತಲು ಹೇಳಿಕೊಟ್ಟ. ಪಕ್ಕದಿಂದ ಎರಡೂ ಕೈಯಲ್ಲಿ ದೋಣಿ ಹಿಡಿದು, ಕಾಲು ಬಡಿದು, ಮೊದಲು ಹೊಟ್ಟೆ ಮೇಲೆ ಹಾಕಿ, ಆಮೇಲೆ ತಿರುಗಿ ಕೂರುವುದು. ನಾನು ಮೂರನೇ ಸಲಕ್ಕೆ ಹತ್ತಿದೆ. ಮೂಗಿನೊಳಗೆ ಉಪ್ಪುನೀರು, ಮೈಯೆಲ್ಲ ನಡುಕ. ಆದರೆ ಆಮೇಲೆ ಇಡೀ ಬೆಳಗ್ಗೆ ಭಯ ಆಗಲಿಲ್ಲ. ಯಾರಾದರೂ ಈ ಅಭ್ಯಾಸ ಮಾಡಿಸದೆ ಸೀದಾ ಆಳಕ್ಕೆ ಕರೆದುಕೊಂಡು ಹೋದರೆ ಇಳಿಯಬೇಡಿ. ದುಡ್ಡು ಹೋದರೂ ಪರವಾಗಿಲ್ಲ.

ಒಳಗಿನ ಓಣಿಗೆ ಹೋದ ಮೇಲೆ ಮಾತೇ ನಿಂತುಹೋಯಿತು. ಕಾಂಡ್ಲಾದ ಬೇರುಗಳು ಕೊಡೆಯ ಕಡ್ಡಿಗಳ ಹಾಗೆ ಬಾಗಿ ನೀರಿಗೆ ಇಳಿದಿದ್ದವು. ಅವುಗಳ ಮೇಲೆ ಕೆಸರಿನ ಒಂದು ಗೆರೆ, ನೀರು ಎಲ್ಲಿಯವರೆಗೆ ಏರಿತ್ತು ಅಂತ ಗುರುತು ಹಾಕಿದ ಹಾಗೆ. ಉಗುರಿನಷ್ಟೇ ಇರುವ ಏಡಿಗಳು ಬೇರಿನಿಂದ ಬೇರಿಗೆ ಸರಿಯುತ್ತಿದ್ದವು. ಹುಟ್ಟು ಎತ್ತಿದಾಗ ಅದರಿಂದ ಬೀಳುವ ಹನಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಆ ಕೆಸರಿನ ಗೆರೆ ನನಗೆ ಅರ್ಥ ಆಗಬೇಕಿತ್ತು. ಆಗಲಿಲ್ಲ. ನಾವು ಹನ್ನೊಂದಕ್ಕೆ ವಾಪಸ್ ಹೊರಡಬೇಕಿತ್ತು. ಬೆಂಗಳೂರಿನವನು “ಇನ್ನೊಂದು ಓಣಿ ನೋಡೋಣ” ಅಂದ, ಎಲ್ಲರಿಗೂ ಆಸೆ. ಅಲ್ಲಿನ ಹುಡುಗ ಬೇಡ ಅಂದರೂ ನಾವು ಒತ್ತಾಯ ಮಾಡಿದೆವು. ಇಳಿತ ಶುರುವಾಗಿತ್ತು. ಹದಿನೈದು ನಿಮಿಷದಲ್ಲಿ ದೋಣಿಯ ತಳಕ್ಕೆ ಕೆಸರು ಉಜ್ಜುವ ಸದ್ದು ಬಂತು. ಇನ್ನೂ ಸ್ವಲ್ಪ ಹೊತ್ತಿಗೆ ಮೂರು ಕಯಾಕ್ ನಿಂತೇಬಿಟ್ಟವು. ಇಳಿದು ತಳ್ಳೋಣ ಅಂದರೆ ಕಾಲು ಮಂಡಿವರೆಗೆ ಹೂತುಹೋಗುತ್ತೆ, ಚಪ್ಪಲಿ ಅಲ್ಲೇ ಉಳಿಯುತ್ತೆ. ಒಬ್ಬರಿಗೊಬ್ಬರು ಹಗ್ಗ ಕಟ್ಟಿ, ಹುಟ್ಟನ್ನು ಜಲ್ಲೆಯ ಹಾಗೆ ಊರಿ, ದೊಡ್ಡ ಹೊಳೆಗೆ ಬರುವಷ್ಟರಲ್ಲಿ ಒಂದೂವರೆ ಗಂಟೆ. ಹೆಬ್ಬೆರಳು, ತೋರುಬೆರಳ ನಡುವೆ ಚರ್ಮ ಕಿತ್ತು ಬಂದಿತ್ತು.

ಕರಾವಳಿಯವರಿಗೆ ಇದು ಹುಟ್ಟಿದಾಗಿನಿಂದ ಗೊತ್ತು, ಘಟ್ಟದ ಮೇಲಿನವರಿಗೆ ಹೇಳುತ್ತಿದ್ದೇನೆ. ಸಮುದ್ರದ ಹತ್ತಿರದ ಹೊಳೆಗಳಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತೆ, ಎರಡು ಸಲ ಇಳಿಯುತ್ತೆ. ಒಂದು ಏರಿಗೂ ಮುಂದಿನ ಇಳಿತಕ್ಕೂ ಸುಮಾರು ಆರು ಗಂಟೆ. ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ, ಹಾಗಾಗಿ ಹೋದ ವಾರ ಹೋದವರ ಟೈಮ್ ಕೇಳಿಕೊಂಡು ಪ್ರಯೋಜನ ಇಲ್ಲ. ಹುಣ್ಣಿಮೆ, ಅಮಾವಾಸ್ಯೆಗೆ ಏರಿಳಿತ ಜಾಸ್ತಿ. ಬುಕ್ ಮಾಡುವಾಗಲೇ “ಆ ದಿನ ಉಬ್ಬರ ಎಷ್ಟು ಗಂಟೆಗೆ?” ಅಂತ ಕೇಳಿ. ನೀರು ಏರುತ್ತಿರುವಾಗ ಓಣಿಗಳಿಗೆ ಹೋಗಿ, ಇಳಿಯುವ ಮುಂಚೆ ಆಚೆ ಬನ್ನಿ. ಮತ್ತೆ, ಅಲ್ಲಿನವರು ಬೇಡ ಅಂದರೆ ಬೇಡ.

ಫೆಬ್ರವರಿಯಲ್ಲಿ ಸಾಗರದ ಕಡೆ, ಹೊನ್ನೇಮರಡು. ತಾಳಗುಪ್ಪಕ್ಕೆ ಮೈಸೂರಿನಿಂದ ರಾತ್ರಿ ರೈಲು ಇದೆ, ಬೆಂಗಳೂರು ಮೇಲೆ ಹೋಗುತ್ತೆ. ನಾವು ಅರಸೀಕೆರೆಯಲ್ಲಿ ನಡುರಾತ್ರಿ ಹತ್ತಿದೆವು. ಕಾರಿನ ಖರ್ಚಿಗೆ ಹೋಲಿಸಿದರೆ ಏನೂ ಇಲ್ಲ ಅನ್ನಬಹುದು.

ಅಲ್ಲಿ ಇರುವುದು ಶರಾವತಿಯ ಹಿನ್ನೀರು, ಲಿಂಗನಮಕ್ಕಿ ಅಣೆಕಟ್ಟೆಯದು. ಇಲ್ಲಿ ಉಬ್ಬರ ಇಳಿತದ ಚಿಂತೆ ಇಲ್ಲ. ಆದರೆ ಗಾಳಿ ಇದೆ. ಬೆಳಿಗ್ಗೆ ಕನ್ನಡಿಯ ಹಾಗಿದ್ದ ನೀರು ಮಧ್ಯಾಹ್ನಕ್ಕೆ ಅಲೆ ಎಬ್ಬಿಸುತ್ತೆ. ಎದುರುಗಾಳಿಗೆ ಹುಟ್ಟು ಹಾಕುವುದು ಬೆಟ್ಟ ಹತ್ತಿದ ಹಾಗೇ. ತೋಳಿನಿಂದ ಎಳೆದರೆ ಅರ್ಧ ಗಂಟೆಗೆ ಸುಸ್ತು. ಸೊಂಟ ತಿರುಗಿಸಿ, ಪಾದ ಒತ್ತಿ ಹಾಕಿದರೆ ಎರಡು ಗಂಟೆ ಹಾಕಬಹುದು. ಇದನ್ನು ಮೊದಲು ಕಲಿತವರು ಮೇಷ್ಟ್ರು.

ಬೇಸಿಗೆ ಹತ್ತಿರ ಬಂದ ಹಾಗೆ ಅಲ್ಲಿ ನೀರು ತಗ್ಗಿ, ಮುಳುಗಿದ ಮರಗಳ ಬೊಡ್ಡೆಗಳು ಮೇಲೆ ಕಾಣುತ್ತವೆ. 1964ರಲ್ಲಿ ಅಣೆಕಟ್ಟೆ ಆದಾಗ ಮುಳುಗಿದ ಕಾಡು, ಮುಳುಗಿದ ಊರುಗಳು. ನಮಗೆ ಊಟ ಹಾಕಿದ ಮನೆಯ ಅಜ್ಜ ನೀರಿನ ಕಡೆ ಕೈ ತೋರಿಸಿ, “ನಮ್ಮ ಅಡಿಕೆ ತೋಟ ಅಲ್ಲಿತ್ತು” ಅಂದರು. ಆ ಜಾಗದ ಮೇಲೆಯೇ ನಾವು ಬೆಳಿಗ್ಗೆ ಕಯಾಕ್‌ನಲ್ಲಿ ಹಾದು ಬಂದಿದ್ದೆವು. ಸಂಜೆ ಮತ್ತೆ ನೀರಿಗೆ ಇಳಿದಾಗ ಯಾರೂ ಕಿರುಚಾಡಲಿಲ್ಲ. ಮಾರನೇ ದಿನ ಲಾಂಚ್‌ನಲ್ಲಿ ಸಿಗಂದೂರಿಗೆ ಹೋಗಿ ಬಂದೆವು. ಜುಲೈಯಲ್ಲಿ ಅಲ್ಲಿ ಸೇತುವೆ ಉದ್ಘಾಟನೆ ಆಯಿತು. ದ್ವೀಪದ ಹಾಗೆ ಬದುಕಿದ ಆ ಜನರಿಗೆ ಅದು ಎಂಥ ನೆಮ್ಮದಿ ಅಂತ ಲಾಂಚ್‌ಗೆ ಕಾದು ನಿಂತವರಿಗೇ ಗೊತ್ತು.

ಮಾರ್ಚ್‌ನಿಂದ ಮೇವರೆಗೆ ಎಲ್ಲಿಗೂ ಹೋಗಲಿಲ್ಲ. ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಇರುತ್ತೆ, ಪಶ್ಚಿಮ ಘಟ್ಟದ ಎಷ್ಟೋ ಚಾರಣದ ದಾರಿಗಳನ್ನು ಆಗ ಮುಚ್ಚುತ್ತಾರೆ. ಮಕ್ಕಳ ಬೇಸಿಗೆ ರಜೆ ಅಂತ ಆ ತಿಂಗಳಿಗೇ ಪ್ಲಾನ್ ಮಾಡುವವರು ಮೊದಲು ದಾರಿ ತೆರೆದಿದೆಯಾ ನೋಡಿಕೊಳ್ಳಿ. ಈ ಮೂರು ತಿಂಗಳಲ್ಲಿ ನಾನೂ ಮೇಷ್ಟ್ರೂ ಈಜು ಕಲಿತೆವು. ಈಜುಕೊಳದಲ್ಲಿ ಎಂಟು ವರ್ಷದ ಮಕ್ಕಳ ಬ್ಯಾಚ್ ಜೊತೆ, ಆರು ವಾರ. ಇಡೀ ವರ್ಷದಲ್ಲಿ ನನಗೆ ತುಂಬಾ ಹೆಮ್ಮೆ ಅನಿಸಿದ್ದು ಆ 25 ಮೀಟರ್ ಮುಗಿಸಿದ ದಿನ.

ಜುಲೈಗೆ ಕುದುರೆಮುಖ ಬುಕ್ ಮಾಡಿದ್ದೆವು. ಮಳೆಯಲ್ಲಿ ಹಸಿರು ನೋಡಬೇಕು ಅಂತ ಆಸೆ. ಎರಡು ದಿನ ಮುಂಚೆ ಚಿಕ್ಕಮಗಳೂರಿಗೆ ರೆಡ್ ಅಲರ್ಟ್. ನಾವೇ ಕೈಬಿಟ್ಟೆವು. ಟಿಕೆಟ್, ಉಳಿಯುವ ಜಾಗದ ಅಡ್ವಾನ್ಸ್ ಸೇರಿ ತಲೆಗೆ 1,300 ರೂಪಾಯಿ ಹೋಯಿತು. ತಮ್ಮನಿಗೆ ಅದು ಎರಡು ದಿನದ ದುಡಿಮೆ, ಬೇಜಾರು ಮಾಡಿಕೊಂಡ. ಆಮೇಲೆ ಅವನ ಪಾಲನ್ನು ನಾಲ್ಕು ಜನ ಹಂಚಿಕೊಂಡೆವು. ಗುಂಪಿನಲ್ಲಿ ಎಲ್ಲರ ಜೇಬೂ ಒಂದೇ ಥರ ಇರುವುದಿಲ್ಲ ಅಲ್ವಾ? ಮಳೆಗೆ ಟ್ರಿಪ್ ನಿಂತರೆ ನಷ್ಟ ಯಾರದು ಅಂತ ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ.

ಆಗಸ್ಟ್‌ನಲ್ಲಿ ಸೀತಾನದಿಯಲ್ಲಿ ರಾಫ್ಟಿಂಗ್, ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ರಭಸದ ನೀರಿನ ಜೊತೆ ಸಾಗುವುದು. ಆಗುಂಬೆ ಘಾಟಿ ಇಳಿದರೆ ಸಿಗುತ್ತೆ, ಮಳೆಗಾಲದಲ್ಲಿ ಮಾತ್ರ. ಒಂದೂವರೆ ಗಂಟೆ ಬರೀ ಕೂಗಾಟ. ಅಕ್ಕ ಬರಲಿಲ್ಲ, ಅವರಿಗೆ ಡ್ಯೂಟಿ. ಚೆನ್ನಾಗಿತ್ತು, ಆದರೆ ಅಷ್ಟು ದೂರ ಹೋಗಿ ಅಷ್ಟೇ ಹೊತ್ತಾ ಅನಿಸಿತು. ಪಾರಂಪಳ್ಳಿಯ ಓಣಿಯಲ್ಲಿ ಸಿಕ್ಕಿದ ಸುಖ ಅಲ್ಲಿ ಸಿಗಲಿಲ್ಲ.

ಕೊನೆಯದು ಈ ತಿಂಗಳ ಕುದುರೆಮುಖ. ಹಿಂದಿನ ಮಧ್ಯಾಹ್ನ ಹೊರಟು, ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು, ಕಳಸ, ಸಂಸೆ ದಾಟಿ ಬಾಳೆಗಲ್ ಸೇರಿದೆವು. ಅಲ್ಲಿಂದ ಚಾರಣ ಶುರುವಾಗುವ ಮುಳ್ಳೋಡಿಗೆ ಕಾರು ಹೋಗಲ್ಲ, ಜೀಪೇ ಗತಿ. ಜೀಪಿನ ಬಾಡಿಗೆ ಹಿಂದಿನ ದಿನವೇ ಮಾತಾಡಿಕೊಳ್ಳಿ, ಬೇರೆ ಗುಂಪಿನ ಜೊತೆ ಸೇರಿದರೆ ಅರ್ಧಕ್ಕರ್ಧ ಉಳಿಯುತ್ತೆ. ಮನೆಗೆ ಫೋನ್ ಮಾಡುವುದಿದ್ದರೆ ಬಾಳೆಗಲ್‌ಗೆ ಬರುವ ಮುಂಚೆಯೇ ಮಾಡಿಬಿಡಿ.

ಈ ಸಲ ಚೆಕ್‌ಪೋಸ್ಟ್‌ನಲ್ಲಿ ಐದೇ ನಿಮಿಷ. ಬ್ಯಾಗ್ ಬಿಚ್ಚಿಸಿ ಪ್ಲಾಸ್ಟಿಕ್ ಎಣಿಸಿ ಬರೆದುಕೊಂಡರು, ವಾಪಸ್ ಬಂದಾಗ ಅಷ್ಟೂ ತೋರಿಸಬೇಕು. ಸ್ಟೀಲ್ ಬಾಟಲಿ, ಬಟ್ಟೆಯಲ್ಲಿ ಕಟ್ಟಿದ ಚಪಾತಿ ಇಟ್ಟುಕೊಂಡರೆ ಈ ತಲೆನೋವೇ ಇಲ್ಲ.

ಇಂಬಳದ ಬಗ್ಗೆ ಎಲ್ಲರೂ ಹೆದರಿಸಿದ್ದರು. ಬೇರೆ ಕಡೆ ಜಿಗಣೆ ಅನ್ನುತ್ತಾರೆ. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಕಾಡಿನ ಭಾಗದಲ್ಲಿ ಇದ್ದೇ ಇದ್ದವು. ಒಂದು ನನ್ನ ಮಣಿಕಟ್ಟಿನ ಮೇಲೆ ದಾರದಷ್ಟು ತೆಳ್ಳಗೆ ಹತ್ತಿದ್ದು, ನೋಡುವಷ್ಟರಲ್ಲಿ ಹುರುಳಿಕಾಯಿಯಷ್ಟು ಉಬ್ಬಿತ್ತು. ನೋವೇ ಆಗಲ್ಲ. ಎಳೆದು ಕೀಳಬೇಡಿ, ಉಗುರಿನಿಂದ ಅದರ ಬಾಯಿಯ ಕಡೆ ಪಕ್ಕಕ್ಕೆ ಸರಿಸಿ. ರಕ್ತ ಸ್ವಲ್ಪ ಹೊತ್ತು ಸುರಿಯುತ್ತಲೇ ಇರುತ್ತೆ, ಇಂಬಳ ಅದನ್ನು ಹೆಪ್ಪುಗಟ್ಟದ ಹಾಗೆ ಮಾಡಿರುತ್ತೆ. ಸೋಪು ಹಾಕಿ ತೊಳೆದು ಒತ್ತಿ ಹಿಡಿದರೆ ಸಾಕು. ಮಂಡಿವರೆಗಿನ ಲೀಚ್ ಸಾಕ್ಸ್ ತೆಗೆದುಕೊಳ್ಳಿ. ಇಡೀ ವರ್ಷದಲ್ಲಿ ದುಡ್ಡಿಗೆ ತಕ್ಕ ಬೆಲೆ ಕೊಟ್ಟ ಸಾಮಾನು ಅದೊಂದೇ.

ಅಕ್ಕನನ್ನು ಮುಂದೆ ಬಿಟ್ಟು ನಡೆದೆವು. ಅವರ ನಡಿಗೆಯೇ ಎಲ್ಲರ ನಡಿಗೆ, ಕುಮಾರ ಪರ್ವತದ ನಂತರ ಮಾಡಿಕೊಂಡ ನಿಯಮ ಅದು. ಹಳ್ಳಗಳನ್ನು ದಾಟಿ, ಒಂಟಿ ಮರದ ಹತ್ತಿರ ಕೂತು, ಹುಲ್ಲುಗಾವಲಿಗೆ ಬಂದಾಗ ಮಂಜು ಒಂದು ಸಲ ಸರಿಯಿತು. ಗುಡ್ಡದ ಮೇಲೆ ಗುಡ್ಡ, ಕಣಿವೆಗಳಲ್ಲಿ ಮಾತ್ರ ಕಪ್ಪಗೆ ಶೋಲಾ ಕಾಡು. ಅರ್ಧ ನಿಮಿಷ. ಮತ್ತೆ ಬೆಳ್ಳಗೆ ಮುಚ್ಚಿತು.

ಕೊನೆಯ ಏರಿನಲ್ಲಿ ಅಕ್ಕನ ಮೀನಖಂಡ ಹಿಡಿದುಕೊಂಡಿತು. ಕೂತರು, ಒತ್ತಿದೆವು, ಓಆರ್‌ಎಸ್ ಕುಡಿಸಿದೆವು, ಎದ್ದರು. ಇಪ್ಪತ್ತು ಹೆಜ್ಜೆಗೆ ಮತ್ತೆ. ಬೆಳಗ್ಗಿನಿಂದ ಬೆವರು ಸುರಿದಿತ್ತು, ಬರೀ ನೀರು ಕುಡಿದಿದ್ದರು, ಉಪ್ಪು ಒಳಗೆ ಹೋಗಿರಲಿಲ್ಲ. ಗೈಡ್ ಗಡಿಯಾರ ನೋಡಿದ. ಹನ್ನೆರಡೂವರೆ. “ತುದಿಗೆ ಇನ್ನೂ ಮುಕ್ಕಾಲು ಗಂಟೆ. ಅಮ್ಮ ಹೀಗೆ ಬಂದ್ರೆ ಒಂದೂವರೆ ಗಂಟೆ ಬೇಕು. ಇಳಿಯೋದು ಕತ್ತಲೆ ಆಗ್ತದೆ” ಅಂದ.

“ನೀವು ನಾಲ್ಕು ಜನ ಹೋಗಿ, ಗೈಡ್ ಜೊತೆ ನಾನು ನಿಧಾನಕ್ಕೆ ಇಳೀತೀನಿ” ಅಂದರು ಅಕ್ಕ. ಆ ಬೆಳಿಗ್ಗೆ ಚೆಕ್‌ಪೋಸ್ಟ್ ಕಲ್ಲಿನ ಮೇಲೆ ಕೂತಾಗಿನ ಅದೇ ದನಿ.

ಮೊದಲು ಬ್ಯಾಗ್ ಹೆಗಲಿಗೆ ಏರಿಸಿ ಕೆಳಮುಖ ತಿರುಗಿದವನು ತಮ್ಮ. ಅಕ್ಕನ ಬ್ಯಾಗನ್ನೂ ಅವನೇ ತೆಗೆದುಕೊಂಡ. “ಬನ್ನಿ ಅಕ್ಕ, ಹಳ್ಳದಲ್ಲಿ ಕಾಲು ಇಟ್ಕೊಂಡ್ರೆ ಸರಿ ಹೋಗುತ್ತೆ.” 1894 ಮೀಟರ್ ಬೆಟ್ಟದ ತುದಿ ಮಂಜಿನಲ್ಲಿ ಎಲ್ಲೋ ಇತ್ತು, ನಾವು ನೋಡಲಿಲ್ಲ. ಅರ್ಧ ಗಂಟೆ ನನಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಹಳ್ಳ ಬಂತು. ಐದೂ ಜನ ಶೂ ಬಿಚ್ಚಿ ಸಾಲಾಗಿ ಕಾಲು ಇಳಿಬಿಟ್ಟು ಕೂತೆವು. ನೀರು ಎಷ್ಟು ತಣ್ಣಗಿತ್ತೆಂದರೆ ಎಣಿಸಿ ಮೂವತ್ತರ ಮೇಲೆ ಇಡಲು ಆಗುತ್ತಿರಲಿಲ್ಲ. ಮೇಷ್ಟ್ರು ಉಪ್ಪು ಸವರಿದ ಸೌತೆಕಾಯಿ ಹೋಳು ಹಂಚಿದರು.

ಖರ್ಚು ಕೇಳುವವರಿಗೆ: ವರ್ಷಕ್ಕೆ ನನಗೆ ಆದದ್ದು 21,400 ರೂಪಾಯಿ. ಅರ್ಧಕ್ಕಿಂತ ಜಾಸ್ತಿ ಕಾರಿನ ಡೀಸೆಲ್ ಮತ್ತು ಜೀಪಿಗೆ. ಶೂ, ಮಳೆ ಜಾಕೆಟ್, ಲೀಚ್ ಸಾಕ್ಸ್ ಸೇರಿ 4,700. ಈಜು ಕ್ಲಾಸಿನ ಫೀಸ್ ಬೇರೆ.

ನಿನ್ನೆ ರಾತ್ರಿ ಡಿಸೆಂಬರ್‌ಗೆ ಮತ್ತೆ ಕುದುರೆಮುಖ ಬುಕ್ ಮಾಡಿದೆ, ಒಂದು ಬುಧವಾರಕ್ಕೆ. ಅಕ್ಕ ಆಸ್ಪತ್ರೆಯಿಂದ ಸೀದಾ ಮನೆಗೆ ಬಂದು, ಪರ್ಸಿನಿಂದ ಆಧಾರ್ ತೆಗೆದು ಮೇಜಿನ ಮೇಲೆ ಇಟ್ಟರು. ಮೊದಲ ಹೆಸರು ಅವರದೇ ಹಾಕಿದೆ. ನಾನು ಒಂದೊಂದೇ ಅಂಕಿ ಟೈಪ್ ಮಾಡಿದೆ, ಅವರು ಕಾರ್ಡ್ ನೋಡಿಕೊಂಡು ಜೋರಾಗಿ ಓದಿದರು, ಎರಡು ಸಲ.